ಎಳೆ ಹಿಡಿದ ಗುರುತು

ಕಣಗಳ ಹೊಳಪನ್ನು ಅಳೆಯುವ ಯಂತ್ರದ ಪರದೆಯ ಮೇಲೆ ಗೆರೆಯಲ್ಲಿ ಮೂಡುವ ಎರಡು ಗುಡ್ಡಗಳು ಬೇರೆ ಬೇರೆಯಾಗಿ ನಿಲ್ಲಬೇಕಿತ್ತು. ಎಡಕ್ಕಿರುವುದು ಆರೋಗ್ಯವಂತರ ರಕ್ತದ ಬಿಳಿಕಣಗಳದು, ಬಲಕ್ಕಿರುವುದು ರೋಗಿಗಳದು. ಇಷ್ಟು ದಿನ ಹಾಗೆಯೇ ನಿಂತಿದ್ದವು. ಆದರೆ ಆ ಮಧ್ಯಾಹ್ನ ಸೋದರಮಾವ ಶ್ರೀಶೈಲನ ಹೆಸರು ಹಚ್ಚಿದ್ದ ನಳಿಕೆಯ ರಕ್ತವನ್ನು ಯಂತ್ರಕ್ಕೆ ಕೊಟ್ಟಾಗ ಮೂಡಿದ ಗುಡ್ಡ, ಎಡಗಡೆಯ ತನ್ನವರನ್ನು ಬಿಟ್ಟು ಬಲಕ್ಕೆ ಸರಿದು, ರೋಗಿಗಳ ಮಗ್ಗುಲಲ್ಲಿ ಹೋಗಿ ಕುಳಿತುಬಿಟ್ಟಿತು. ಜಯಮಾಲಾ ಯಂತ್ರ ತೊಳೆದು ಉಳಿದ ರಕ್ತವನ್ನು ಮತ್ತೊಮ್ಮೆ ಹಾಯಿಸಿದಳು. ಗುಡ್ಡ ಮತ್ತೆ ಅಲ್ಲಿಯೇ ಕುಳಿತಿತು.

ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ಶಂಕರೆಪ್ಪನ ಹಿರಿಯ ಮಗಳು ಜಯಮಾಲಾ. ಪುಣೆಯ ಒಂದು ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿ ಆಗ, ಎರಡು ಸಾವಿರದ ಎಂಟರ ಬೇಸಿಗೆಗೆ, ನಾಲ್ಕು ವರ್ಷವಾಗಿತ್ತು. ಅವಳು ಹುಡುಕುತ್ತಿದ್ದುದು ಒಂದು ಎಳೆಯನ್ನು. ಡಿಎನ್‌ಎಯ ಗಿಡ್ಡ ಗಿಡ್ಡ ಎಳೆಗಳು ನೀರಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಒಂದೊಂದೂ ತನ್ನದೇ ರೀತಿಯಲ್ಲಿ ಮಡಚಿಕೊಂಡು ಕುಳಿತುಕೊಳ್ಳುತ್ತದೆ. ಕೋಟಿಗಟ್ಟಲೆ ಎಳೆಗಳಲ್ಲಿ ಯಾವುದೋ ಒಂದರ ಮಡಿಕೆ, ರೋಗ ಹತ್ತಿದ ಜೀವಕೋಶದ ಮೈಮೇಲಿನ ಯಾವುದೋ ಒಂದು ಗುರುತಿಗೆ ಕೀಲಿ ಕೂತಂತೆ ಕೂತೀತು. ಅಂಥದಕ್ಕೆ ಆಪ್ಟಮರ್ ಎಂದು ಹೆಸರು. ಅದು ಸಿಕ್ಕರೆ, ರಕ್ತದ ಕ್ಯಾನ್ಸರನ್ನು ಮೊದಮೊದಲಲ್ಲೇ ಹಿಡಿಯುವ ದಾರಿಯೊಂದು ಸಿಕ್ಕಂತೆ.

ಹುಡುಕುವ ರೀತಿ ಹೇಳಲು ಸುಲಭ, ಮಾಡಲು ಅಲ್ಲ. ಒಂದರಂತೆ ಒಂದಿಲ್ಲದ ಎಳೆಗಳ ರಾಶಿಯನ್ನು ರೋಗದ ಜೀವಂತ ಕೋಶಗಳ ಮೇಲೆ ಸುರಿಯಬೇಕು. ಹಿಡಿಯದವು ತೊಳೆದುಹೋಗುತ್ತವೆ. ಹಿಡಿದವನ್ನು ಬಿಡಿಸಿಕೊಂಡು ಆರೋಗ್ಯವಂತ ಕೋಶಗಳ ಮೇಲೆ ಹಾಯಿಸಬೇಕು. ಅಲ್ಲಿಯೂ ಅಂಟಿಕೊಂಡವು ಬೇಡ. ಉಳಿದ ಕೆಲವನ್ನು ಬೆಳೆಸಿ ರಾಶಿಮಾಡಿ ಮತ್ತೆ ಮೊದಲಿನಿಂದ. ಒಮ್ಮೆ ಫೋನಿನಲ್ಲಿ ಇದನ್ನೆಲ್ಲ ಅವ್ವನಿಗೆ ಹೇಳಿದಾಗ ಬಾಳಮ್ಮ, "ಜ್ವಾಳ ಹಸನ ಮಾಡಿದಂಗ ಅನ್ನು. ಅದಕ್ಕ ಪುಣೇಕ್ಕ ಯಾಕ ಹೋದಿ?" ಎಂದು ಕೇಳಿದ್ದಳು. ಒಂದು ಮಾತನ್ನು ಮಾತ್ರ ಜಯಮಾಲಾ ಅವ್ವನಿಗೆ ಎರಡೆರಡು ಸಲ ಹೇಳಿದ್ದಳು: ಕೋಶ ಜೀವಂತ ಇರಬೇಕು. ಸತ್ತ ಕೋಶ ಬಾಗಿಲು ಮುರಿದ ಮನೆಯಿದ್ದಂತೆ, ಕಂಡಕಂಡ ಎಳೆಯನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ.

ಕೊನೆಗೆ ಒಂದು ಎಳೆ ಉಳಿದಿತ್ತು. ಅದಕ್ಕೆ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿ, ಸೊಲ್ಲಾಪುರದ ಆಸ್ಪತ್ರೆಯ ಪರಿಚಯದ ವೈದ್ಯರ ಮೂಲಕ ಬಂದ ರೋಗಿಗಳ ರಕ್ತದಲ್ಲಿ ಪರೀಕ್ಷಿಸಿದ್ದಳು. ಆ ರೋಗಿಗಳು ಬಹಳಷ್ಟು ಅವಳ ಸೀಮೆಯವರೇ. ಮುದ್ದೇಬಿಹಾಳದ ಯಂಕಪ್ಪ ಎಂಬ ಮುದುಕ, ಬಸವನ ಬಾಗೇವಾಡಿಯ ಒಬ್ಬ ಸಾಲಿ ಮಾಸ್ತರ. ರಕ್ತ ಯಾಕೆ ಬೇಕೆಂದು ಅವರದೇ ಮಾತಿನಲ್ಲಿ ತಿಳಿಸಿ ಹೇಳಿದವಳು ಅವಳೇ. ಅವರ ಕಣಗಳು ಹೊಳೆದವು. ಸಂಸ್ಥೆಯ ಹುಡುಗರ ಆರೋಗ್ಯವಂತ ರಕ್ತ ಹೊಳೆಯಲಿಲ್ಲ. ಹೊರಗಿನವರ ರಕ್ತವೂ ಇರಲಿ ಎಂದು ಊರಿಗೆ ಫೋನು ಮಾಡಿ ಶ್ರೀಶೈಲನದನ್ನು ಕೇಳಿದ್ದಳು. ಎಮ್ಮೆಯಂಥ ಗಟ್ಟಿ ಆಳು, ಅವನಿಗಿಂತ ಆರೋಗ್ಯವಂತ ಯಾರಿದ್ದಾರೆ ಎಂಬುದು ಅವಳ ಎಣಿಕೆ.

ಈಗ ಆ ಎಣಿಕೆ ತಲೆಕೆಳಗಾಗಿ ಕುಳಿತಿತ್ತು. ಅವನಿಗೆ ರೋಗವಿರಬಹುದು. ಅಥವಾ ಅವಳ ಎಳೆಯೇ ಸುಳ್ಳಿರಬಹುದು, ರೋಗವನ್ನಲ್ಲದೆ ಬೇರೆ ಏನನ್ನೋ ಹಿಡಿಯುತ್ತಿರಬಹುದು. ಅಥವಾ ಸಿಂದಗಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ರಕ್ತ ಕೆಟ್ಟಿರಬಹುದು. ಯಾವುದಕ್ಕೂ ಹೊಂದದ ಬರೀ ಎಳೆಯೊಂದನ್ನು ಅದೇ ರಕ್ತಕ್ಕೆ ಹಾಕಿ ಪಕ್ಕಕ್ಕಿಟ್ಟು ನೋಡಿದ್ದರೆ, ಅದೂ ಹೊಳೆದರೆ ರಕ್ತವೇ ಕೆಟ್ಟಿದೆ ಎಂದು ತಿಳಿದು, ಇದರಲ್ಲಿ ಅರ್ಧ ಅಲ್ಲೇ ಬಗೆಹರಿಯುತ್ತಿತ್ತು. ರಕ್ತ ಕಡಿಮೆಯಿತ್ತು, ಮಾಮಾನ ರಕ್ತವೆಂಬ ಭರವಸೆಯೂ ಇತ್ತು. ಅವಳು ಅದೊಂದನ್ನು ಬಿಟ್ಟಿದ್ದಳು.

ಸಂಶೋಧನೆಯ ಗೈಡ್ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ನಿಧಾನವಾಗಿ ಮಾತಾಡಿದರು. ಇದು ಇನ್ನೂ ಪರೀಕ್ಷೆಯೇ ಅಲ್ಲ, ಇದರ ಮೇಲೆ ಯಾರಿಗೂ ರೋಗವಿದೆ ಎನ್ನುವ ಹಕ್ಕು ನಮಗಿಲ್ಲ, ಹೊಸ ರಕ್ತ ತಂದು ಸರಿಯಾಗಿ ಮಾಡು ಎಂದರು. ಏಳುವಾಗ, ಆ ಹುಡುಗ ಸುಮ್ಮನೆ ಒಮ್ಮೆ ವೈದ್ಯರಿಗೆ ತೋರಿಸಿ ಸಾದಾ ರಕ್ತಪರೀಕ್ಷೆ ಮಾಡಿಸಿಕೊಂಡರೆ ಕೆಟ್ಟದ್ದೇನಿಲ್ಲ ಎಂದೂ ಅಂದರು. ಈ ಎರಡು ಮಾತುಗಳ ನಡುವೆ ತಾನು ಎಲ್ಲಿ ನಿಲ್ಲಬೇಕೆಂದು ಜಯಮಾಲಾಗೆ ತಿಳಿಯಲಿಲ್ಲ.

ಯಾಕೆಂದರೆ ಆ ಹುಡುಗ ಬರಿಯ ಮಾಮಾ ಆಗಿರಲಿಲ್ಲ. ಅವಳ ತಂಗಿ ರೇಣುಕಾಳನ್ನು ಮದುವೆಯಾಗುವವನಾಗಿದ್ದ.

ಶ್ರೀಶೈಲ ಅವ್ವನ ಕಡೇ ತಮ್ಮ. ಸಿಂದಗಿಯ ಹತ್ತಿರದ ಕನ್ನೊಳ್ಳಿಯಲ್ಲಿ ಮನೆ, ಸಿಂದಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಜಯಮಾಲಾಗಿಂತ ಒಂದು ವರ್ಷಕ್ಕೆ ಚಿಕ್ಕವನಾದರೂ ಮಾಮಾ ಮಾಮಾನೇ. ಅವನಿಗೆ ಮೊದಲು ಕೇಳಿದ್ದು ಅವಳನ್ನೇ. ಅವಳು ಒಲ್ಲೆನೆಂದಳು. ಆಮೇಲೆ ಮಾತು ರೇಣುಕಾಳಿಗೆ ತಿರುಗಿದಾಗಲೂ, ಇಷ್ಟು ಹತ್ತಿರದ ರಕ್ತದಲ್ಲಿ ಕೊಟ್ಟು ತರುವುದು ಮಕ್ಕಳಿಗೆ ಒಳ್ಳೆಯದಲ್ಲವೆಂದು ಹಟ ಹಿಡಿದು ವಾದ ಮಾಡಿದ್ದಳು. ಅಪ್ಪ ಸಿಟ್ಟಾಗಲಿಲ್ಲ, ನಕ್ಕುಬಿಟ್ಟ. ರೇಣುಕಾ ಮಾತ್ರ ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದಳು. ಈಗ ಅವಳೇ ಹೋಗಿ ಮದುಮಗನಿಗೆ ರೋಗವಿದ್ದೀತು ಎಂದರೆ ಯಾರು ನಂಬುತ್ತಾರೆ? ಸುಮ್ಮನಿದ್ದು ನಾಳೆ ಅದು ಖರೆಯಾದರೆ ರೇಣುಕಾಳಿಗೆ ಯಾವ ಮುಖ ತೋರಿಸುವುದು?

ಅವಳು ಊರಿಗೆ ಹೊರಟಳು.

ಇಂಡಿ ರೋಡ್ ಸ್ಟೇಶನ್ನಿನಲ್ಲಿಳಿದು ಟಂಟಂ ರಿಕ್ಷಾ ಹಿಡಿದು ಮನೆ ಮುಟ್ಟುವಾಗ ಬಿಸಿಲು ಏರಿತ್ತು. ಮದುವೆ ಮನೆಯ ಸಡಗರ ಆಗಲೇ ಹತ್ತಿಕೊಂಡಿತ್ತು. ಪಡಸಾಲೆಯ ಒಂದು ಮಗ್ಗುಲಿಗೆ ನಿಂಬೆಹಣ್ಣಿನ ಚೀಲಗಳನ್ನು ಒಟ್ಟಿ, ಇನ್ನೊಂದು ಮಗ್ಗುಲಿಗೆ ಓಣಿಯ ಹೆಂಗಸರು ಶ್ಯಾವಿಗೆ ಹೊಸೆಯಲು ಕುಳಿತಿದ್ದರು. ಬಾಳಮ್ಮ ಎದ್ದು ಬಂದು ಮಗಳ ಮೋರೆ ಸವರಿ, ಸೊರಗಿದ್ದೀ ಎಂದಳು. ಚಹಾ ಇಡಲು ಒಳಗೆ ಹೋದವಳು ನಡುಮನೆಯ ಕಂಬಕ್ಕೆ ಆತು ಚಣಹೊತ್ತು ನಿಂತು ಹೋದಳು. ಜಯಮಾಲಾ ಅದನ್ನು ಕಂಡಳು, ಕಂಡೂ ನೋಡಲಿಲ್ಲ. ಅವಳ ಲಕ್ಷ್ಯವೆಲ್ಲ ಬಾಗಿಲ ಕಡೆಗಿತ್ತು. ಲಗ್ನಪತ್ರಿಕೆ ಕೊಡುತ್ತ ಶ್ರೀಶೈಲ ಆ ದಿನ ಇಂಡಿಗೆ ಬರುವವನಿದ್ದ.

ಬಂದ. ಕೆನ್ನೆಯ ತುಂಬ ಗಡ್ಡ. ಅವನು ಗಡ್ಡ ಬಿಟ್ಟದ್ದನ್ನು ಜಯಮಾಲಾ ಎಂದೂ ಕಂಡಿರಲಿಲ್ಲ. ಆ ಗಡ್ಡದಲ್ಲಿ ಮೋರೆ ಇಳಿದಂತೆ ಕಂಡಿತು. ಕಣ್ಣ ಕೆಳಗೆ ಕಪ್ಪು ಇದೆಯೆ? ಕೊರಳಲ್ಲಿ ಬಾವು ಇದೆಯೆ? ಮೋಟರ್ ಸೈಕಲ್ ನಿಲ್ಲಿಸಿ ಮೆಟ್ಟಿಲೇರುವಾಗ ಏದುಸಿರು ಬಿಟ್ಟನೆ, ಅಥವಾ ಬಿಸಿಲಿಗೆ ಎಲ್ಲರೂ ಹಾಗೆ ಉಸಿರು ಬಿಡುತ್ತಾರೆಯೆ? ನೋಡಿದಷ್ಟೂ ಎಲ್ಲವೂ ಗುರುತಾಗಿ ಕಾಣತೊಡಗಿತು. ಅವನು ನೀರು ಕುಡಿಯುವುದನ್ನೂ ಅವಳು ಬಿಡದೆ ನೋಡಿದಳು.

"ಏನ ಡಾಕ್ಟರಬಾಯಿ, ಸಂತ್ಯಾಗ ಎತ್ತ ಕೊಳ್ಳಾವ್ರಂಗ ನೋಡಾಕತ್ತಿ," ಎಂದ ಶ್ರೀಶೈಲ. "ಹಲ್ಲ ಎಣಸ್ತೀ ಏನ?"

ಹೆಂಗಸರು ನಕ್ಕರು. ಜಯಮಾಲಾ ಅವನನ್ನು ಹಿತ್ತಲಿಗೆ ಕರೆದು, ಇನ್ನೊಂದು ನಳಿಕೆ ರಕ್ತ ಬೇಕು ಎಂದಳು. ಮೊದಲಿನದು ದಾರಿಯಲ್ಲಿ ಕೆಟ್ಟಿತು ಎಂದು ಅರ್ಧ ಸುಳ್ಳು ಹೇಳಿದಳು. ಅವನ ನಗು ಕಡಿಮೆಯಾಯಿತು. ಬಾವಿಯ ಕಟ್ಟೆಯ ಮೇಲೆ ಉಗುರಿನಿಂದ ಗೀರುತ್ತ, ಲಗ್ನ ಆಗಲಿ, ಆಮೇಲೆ ಬೇಕಾದಷ್ಟು ಕೊಡುತ್ತೇನೆ ಎಂದ. ಅವಳು ಒತ್ತಾಯ ಮಾಡಿದಳು. ಅವನು, "ಅಕ್ಕನ್ನ ಕೇಳು," ಎಂದು ಹೇಳಿ ಒಳಗೆ ಹೋಗಿಬಿಟ್ಟ.

ಅಕ್ಕನೆಂದರೆ ಬಾಳಮ್ಮ. ಬಾಳಮ್ಮನನ್ನು ಕೇಳುವಷ್ಟರಲ್ಲಿ ಶ್ಯಾವಿಗೆಯವರ ಕಿವಿಗೆ ಮಾತು ಮುಟ್ಟಿತ್ತು. ಮದುಮಗನ ರಕ್ತ ತಪಾಸಣೆ ಮಾಡಿಸುತ್ತಾಳಂತೆ. ಒಬ್ಬಾಕೆ ಹಿಟ್ಟಿನ ಕೈ ಝಾಡಿಸುತ್ತ, ಯಾರಿಗೂ ಹೇಳದವಳಂತೆ ಹೇಳಿದಳು: "ತಾನೂ ಮಾಡ್ಕೊಳ್ಳಲಿಲ್ಲ, ತಂಗಿಗೂ ಬಿಡವಲ್ಲಳು."

ರೇಣುಕಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ಜಯಮಾಲಾಗೆ ಅದನ್ನು ನೋಡಲಾಗಲಿಲ್ಲ. ಬಾಳಮ್ಮ ಏನನ್ನೂ ಕೇಳಿಸಿಕೊಳ್ಳದವಳಂತೆ, ಸುಡುವ ಸೆಕೆಯಲ್ಲೂ ಸೆರಗನ್ನು ಕೊರಳಿಗೆ ಬಿಗಿದುಕೊಂಡು ಶ್ಯಾವಿಗೆ ಒಣಹಾಕುತ್ತಿದ್ದಳು.

ಮರುದಿನ ಜಯಮಾಲಾ ಗೆಳತಿಯ ಮನೆಗೆಂದು ಹೇಳಿ ಸಿಂದಗಿ ಬಸ್ಸು ಹತ್ತಿದಳು. ರಕ್ತ ತೆಗೆದು ಕಳಿಸಿದವನು ಭೀಮಶ್ಯಾ. ಶ್ರೀಶೈಲನ ಜೊತೆ ಸಾಲಿ ಕಲಿತವನು, ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಲ್ಯಾಬು ಇಟ್ಟುಕೊಂಡಿದ್ದ. ಅವನನ್ನು ಕೇಳಿದರೆ ಒಂದಾದರೂ ಗಂಟು ಬಿಚ್ಚೀತು. ರಕ್ತಕ್ಕೆ ಐಸು ಹಾಕಿ ಕಳಿಸಿದೆ ಎಂದು ಅವನೊಮ್ಮೆ ಅಂದುಬಿಟ್ಟರೆ ಸಾಕು, ಕೋಶಗಳು ಸತ್ತಿದ್ದವು ಎಂದುಕೊಂಡು ತಾನು ಹಗುರಾಗಬಹುದು. ಬಸ್ಸಿನ ಕಿಟಕಿಯ ಹೊರಗೆ ತೊಗರಿ ಕೊಯ್ದ ಹೊಲಗಳು ಬಾಯಿ ಬಿಟ್ಟು ಬಿದ್ದಿದ್ದವು. ಒಂದು ರಕ್ತ ಕೆಟ್ಟಿರಲಿ ಎಂದು ಹಾರೈಸುತ್ತ ಹೊರಟಿರುವುದು ಎಂಥ ವಿಚಿತ್ರ ಎಂದು ಅವಳಿಗನ್ನಿಸಿತು.

ಭೀಮಶ್ಯಾ ಕುರ್ಚಿ ಒರೆಸಿ ಕೊಟ್ಟ, ಎದುರಿನ ಅಂಗಡಿಯಿಂದ ಚಹಾ ತರಿಸಿದ. ಐಸಿನ ಮಾತೆತ್ತಿದೊಡನೆ ತಲೆಯಾಡಿಸಿದ.

"ಹಾಕಿಲ್ರಿ ಅಕ್ಕಾರ. ಥಂಡಿ ಹತ್ತಿದ್ರ ಸಾಯತಾವು ಅಂತ ನೀವ ಫೋನಿನ್ಯಾಗ ಹೇಳಿದ್ರಲ್ಲ. ಅರಿವಿ ಸುತ್ತಿ, ಕಂಡಕ್ಟರನ ಕೈಯಾಗ ಕೊಟ್ಟು, ಇಂಜಿನ್ ಮ್ಯಾಲ ಇಡಬ್ಯಾಡೋ ಅಂತ ಹೇಳಿ ಕಳಿಸೇನಿ."

ಅವನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಹಾಗಾದರೆ ಉಳಿದದ್ದು ಎರಡೇ ದಾರಿ. ಆವತ್ತು ಮಾಮಾಗೆ ಜ್ವರ ಗಿರ ಏನಾದರೂ ಇತ್ತೆ ಎಂದು ಕೇಳಿದಳು. ಭೀಮಶ್ಯಾ ಚಹಾದ ಕಪ್ಪನ್ನು ಬಸಿಯ ಮೇಲೆ ತಿರುಗಿಸಿದ.

"ಅಂವಂದ ಅಲ್ರಿ ಅದು," ಎಂದ.

"ಯಾವದು?"

"ರಕ್ತ. ನಿಮ್ಮವ್ವಾರದು."

ಆಮೇಲೆ ಅವನು ಹೇಳಿದ್ದೆಲ್ಲ ಅವಳಿಗೆ ಬಿಡಿಬಿಡಿಯಾಗಿ ಕೇಳಿಸಿತು. ಅವಳು ಫೋನು ಮಾಡಿದ್ದು ಕನ್ನೊಳ್ಳಿಯಲ್ಲಿ ಸಕ್ಕರೆ ಹಂಚಿ ಮದುವೆ ಗಟ್ಟಿಮಾಡಿಕೊಂಡ ದಿನವೇ. ಭೀಮಶ್ಯಾ ಸೂಜಿ ತೆಗೆದುಕೊಂಡು ಹೋದಾಗ ಮನೆತುಂಬ ಬೀಗರು. ಆಯಿ ಶೇವಂತೆವ್ವ, ಬಾಳಮ್ಮನ ತಾಯಿ, ಅಡ್ಡ ಬಂದು ಕುಳಿತುಬಿಟ್ಟಳು. ಅವರ ಮನೆತನದಲ್ಲಿ ಸಕ್ಕರೆ ಹಂಚಿದ ಮೇಲೆ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವ ತನಕ ಮದುಮಗನ ಮೈಯಿಂದ ಒಂದು ಹನಿ ನೆತ್ತರು ಹೊರಗೆ ಬೀಳಬಾರದು. ಸೂಜಿ ಹಾಗಿರಲಿ, ಹಜಾಮನ ಕತ್ತಿಯನ್ನೂ ಮುಟ್ಟಿಸುವಂತಿಲ್ಲ. ಹುಡುಗಿ ಪುಣೆಯಲ್ಲಿ ಕಾಯುತ್ತಾಳೆ ಎಂದು ಶ್ರೀಶೈಲ ಪೇಚಾಡಿದ. ಆಗ ಬಾಳಮ್ಮ ಸುಮ್ಮನೆ ಬಂದು ತೋಳು ಚಾಚಿದಳು. ತಮ್ಮನದಾದರೇನು, ತನ್ನದಾದರೇನು, ಒಂದೇ ಹೊಟ್ಟೆಯಿಂದ ಬಂದದ್ದು ಎಂದಳು. ಬೇರೆಯವರದೆಂದರೆ ಮಗಳು ಬೇಡವೆಂದಾಳು, ತಮ್ಮನ ಹೆಸರೇ ಇರಲಿ ಎಂದಳು.

"ನಿಮಗ ಹೆಸರ ಮುಖ್ಯ ಅಲ್ಲ, ಛಲೋ ರಕ್ತ ಸಿಕ್ರ ಸಾಕು ಅಂತ ತಿಳದ್ನಿರಿ," ಎಂದ ಭೀಮಶ್ಯಾ. "ನಿಮ್ಮವ್ವಾರು ಜಡ್ಡ ಅಂತ ಒಂದಿನ ಮಲಗಿದವರಲ್ಲ."

ಜಯಮಾಲಾಗೆ ಮೊದಲು ಬಂದದ್ದು ನೆಮ್ಮದಿ. ಗಡ್ಡ ಬರೀ ಗಡ್ಡ. ಶ್ರೀಶೈಲನಿಗೆ ಏನೂ ಇಲ್ಲ, ರೇಣುಕಾಳ ಮದುವೆಗೆ ಏನೂ ಇಲ್ಲ, ತಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಆ ನೆಮ್ಮದಿ ಎದೆಯಲ್ಲಿ ಸರಿಯಾಗಿ ಕೂಡ್ರುವ ಮೊದಲೇ ಅದರ ಹಿಂದೆ ಇನ್ನೊಂದು ಬಂದು ನಿಂತಿತು. ಅವಳು ಚಹಾ ಅರ್ಧಕ್ಕೆ ಬಿಟ್ಟು ಎದ್ದಳು. ಭೀಮಶ್ಯಾ ಗಾಬರಿಯಾಗಿ, ಏನಾರ ತಪ್ಪಾತೇನ್ರಿ ಎಂದು ಬಾಗಿಲ ತನಕ ಬಂದ. ಇಲ್ಲ ಎಂದಳು. ಹೌದು ಎಂದೂ ಅನ್ನಬಹುದಿತ್ತು.

ಮರಳುವ ಬಸ್ಸಿನಲ್ಲಿ ಅವಳು ಹಿಂದಿನ ದಿನವನ್ನು ಮತ್ತೆ ಮೊದಲಿನಿಂದ ನೋಡಿದಳು. ಅಂದು ಅವಳು ಕಂಡಿದ್ದೆಲ್ಲ ಶ್ರೀಶೈಲನನ್ನು. ಈಗ ಅವನನ್ನು ಪಕ್ಕಕ್ಕೆ ಸರಿಸಿದರೆ ಹಿಂದೆ ಅವ್ವ ಇದ್ದಳು. ಕಂಬಕ್ಕೆ ಆತು ನಿಂತ ಅವ್ವ. ಶ್ಯಾವಿಗೆ ಒಣಹಾಕುತ್ತ ನಡುವೆ ಮೆಟ್ಟಿಲ ಮೇಲೆ ಕುಳಿತ ಅವ್ವ. ಸೆಕೆಯಲ್ಲಿ ಕೊರಳಿಗೆ ಸೆರಗು. ದೀಪಾವಳಿಯಲ್ಲಿ ಫೋನು ಮಾಡಿದಾಗ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ದಣಿವಿಗೆ ಇರಬೇಕು ಎಂದಿದ್ದಳು. ಇವೆಲ್ಲ ಇದ್ದೂ ಏನೂ ಇರದಿರಬಹುದು. ನಿನ್ನೆಯಷ್ಟೇ ಇವೇ ಕಣ್ಣುಗಳಿಂದ ಗಟ್ಟಿಮುಟ್ಟಾದ ಗಂಡಸಿನಲ್ಲಿ ರೋಗ ಕಂಡವಳು ತಾನು. ತನ್ನ ಕಣ್ಣನ್ನು ಎಷ್ಟು ನಂಬುವುದು? ತನ್ನ ಎಳೆಯನ್ನು ಎಷ್ಟು ನಂಬುವುದು?

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಅದು ಹೊಳೆಯಬಾರದಿತ್ತು. ಆ ನಳಿಕೆಯ ರಕ್ತ ಯಾರದೆಂದು ಎಳೆಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆರೋಗ್ಯವಂತ ಗಂಡಸಿನ ಹೆಸರಿನಲ್ಲಿ ಬಂದರೂ, ಯಾರ ಮಾತನ್ನೂ ಕೇಳದೆ, ಎಳೆ ರೋಗವೊಂದನ್ನು ಹಿಡಿದಿದ್ದರೆ, ಅದಕ್ಕಿಂತ ದೊಡ್ಡ ಪುರಾವೆ ಬೇರೆ ಬೇಕೆ? ಅವ್ವನಿಗೆ ರೋಗವಿದ್ದರೆ ನಾಲ್ಕು ವರ್ಷದ ದುಡಿಮೆ ಖರೆ. ಅವ್ವ ಆರೋಗ್ಯವಾಗಿದ್ದರೆ ಎಳೆ ಸುಳ್ಳು. ಎರಡೂ ಬೇಕೆಂದರೆ ಸಿಗುವುದಿಲ್ಲ. ಜಯಮಾಲಾ ಕಿಟಕಿಯ ಸರಳಿಗೆ ಹಣೆ ಒತ್ತಿ ಕುಳಿತಳು. ಬಸ್ಸು ಹಾರಿದಾಗಲೆಲ್ಲ ಹಣೆ ಬಡಿಯುತ್ತಿತ್ತು. ಅವಳು ಹಿಂದೆ ಸರಿಯಲಿಲ್ಲ.

ಮನೆಗೆ ಬಂದಾಗ ಸಂಜೆಯಾಗುತ್ತಿತ್ತು. ಹೆಂಗಸರು ಹೋಗಿದ್ದರು. ಬಾಳಮ್ಮ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕುಳಿತು ಮದುವೆಯ ಜೋಳ ಹಸನು ಮಾಡುತ್ತಿದ್ದಳು. ಮೊರ ಎತ್ತಿ ನಾಲ್ಕು ಸಲ ಕೇರುವುದು, ಕೆಳಗಿಟ್ಟು ಉಸಿರು ತೆಗೆದುಕೊಳ್ಳುವುದು. ಜಯಮಾಲಾ ಎದುರಿಗೆ ಕುಳಿತು ತಾನೂ ಕಾಳಿನಲ್ಲಿ ಕೈ ಇಟ್ಟಳು. ಇಬ್ಬರೂ ಬಹಳ ಹೊತ್ತು ಹರಳು ಆರಿಸಿದರು.

"ಸಿಂದಗಿಗೆ ಹೋಗಿದ್ದೀ," ಎಂದಳು ಬಾಳಮ್ಮ ಕೊನೆಗೆ.

"ಹೂಂ."

"ಭೀಮಶ್ಯಾ ಹೇಳಿದ?"

"ಹೂಂ."

"ಅಂವನ ಹೊಟ್ಟ್ಯಾಗ ಒಂದ ಮಾತ ನಿಲ್ಲಂಗಿಲ್ಲ." ಬಾಳಮ್ಮ ಮೊರದ ಅಂಚಿಗೆ ಬಂದ ಹೊಟ್ಟನ್ನು ಊದಿದಳು. ಆಮೇಲೆ ತಲೆಯೆತ್ತದೆ ಕೇಳಿದಳು. "ನಿನ್ನ ಎಳಿ ನನ್ನ ಗುರುತ ಹಿಡೀತೇನು?"

ಈ ಪ್ರಶ್ನೆಗೆ ಜಯಮಾಲಾ ಬಸ್ಸಿನಲ್ಲಿ ಹಲವು ಉತ್ತರ ಕಟ್ಟಿಟ್ಟುಕೊಂಡಿದ್ದಳು. ಇದು ಇನ್ನೂ ಪರೀಕ್ಷೆಯೇ ಅಲ್ಲ ಎಂಬುದು ಒಂದು. ಪಕ್ಕಕ್ಕಿಟ್ಟು ನೋಡಬೇಕಾದದ್ದನ್ನು ನೋಡಲಿಲ್ಲ ಎಂಬುದು ಒಂದು. ಎಲ್ಲವೂ ಖರೆಯ ಮಾತುಗಳೇ.

"ಗೊತ್ತಿಲ್ಲವ್ವಾ," ಎಂದಳು.

"ಇಷ್ಟ ವರ್ಸ ಓದಿ ಗೊತ್ತಿಲ್ಲ ಅಂತೀ."

"ಹಿಡದಂಗ ಕಾಣತೈತಿ. ತಪ್ಪ ಹಿಡದಿದ್ರೂ ಹಿಡದಿರಬೇಕು. ನನಗ ಖರೇನ ಗೊತ್ತಿಲ್ಲ."

ಬಾಳಮ್ಮ ಮೊರ ಕೆಳಗಿಟ್ಟಳು. ಮಗಳ ಕೈ ಹಿಡಿದು, ಅದಕ್ಕೆ ಹತ್ತಿದ್ದ ದೂಳನ್ನು ತನ್ನ ಸೀರೆಗೆ ಒರೆಸಿ, ಸೆರಗಿನ ಒಳಗೆ ಕೊರಳ ಮಗ್ಗುಲಿಗೆ ಒಯ್ದು ಇಟ್ಟುಕೊಂಡಳು. ಅಲ್ಲಿ ನೆನೆದ ಕಡಲೆಯಷ್ಟು ದೊಡ್ಡದೊಂದು ಗಂಟು. ಅದರ ಕೆಳಗೆ ಇನ್ನೊಂದು. ಬೆರಳು ಒತ್ತಿದರೆ ಮೆಲ್ಲಗೆ ಸರಿಯುತ್ತಿದ್ದವು.

"ಸಂಕ್ರಮಣದಾಗ ಎಣ್ಣಿ ಹಚ್ಚಿಕೊಳ್ಳಬೇಕಾದ್ರ ಕೈಗೆ ಹತ್ತಿದ್ವು," ಎಂದಳು ಬಾಳಮ್ಮ. "ನೋವಿಲ್ಲ. ನೋವ ಇದ್ದಿದ್ರ ಹೇಳತಿದ್ನಿ."

ಜಯಮಾಲಾ ಕೈ ತೆಗೆಯಲಿಲ್ಲ. ಗಂಟುಗಳು ಹಲ್ಲಿನ ನಂಜಿಗೂ ಬರುತ್ತವೆ, ಟಿಬಿಗೂ ಬರುತ್ತವೆ, ಏನೂ ಇಲ್ಲದೆಯೂ ಬರುತ್ತವೆ. ಅವಳು ಅವನ್ನೆಲ್ಲ ಒಂದೊಂದಾಗಿ ಮನಸ್ಸಿಗೆ ತಂದುಕೊಂಡಳು. ಬೆರಳಿನಡಿ ಅವ್ವನ ನಾಡಿ ಹೊಡೆಯುತ್ತಿತ್ತು.

ಅಪ್ಪನಿಗೆ ಗೊತ್ತೆ ಎಂದು ಕೇಳಿದಳು. ಇಲ್ಲ. ರೇಣುಕಾಳಿಗೆ? ಇಲ್ಲ. ಮದುವೆ ಮುಗಿದ ಮೇಲೆ ತೋರಿಸಬೇಕೆಂದಿದ್ದೆ ಎಂದಳು ಬಾಳಮ್ಮ. ಅಲ್ಲಿಯ ತನಕ ಯಾರ ಬಾಯಲ್ಲೂ ಇದು ಬರುವುದು ಬೇಡ, ಹೆಣ್ಣಿನ ತಾಯಿಗೆ ಜಡ್ಡು ಎಂದರೆ ಆಯಿ ಮದುವೆಯನ್ನೇ ಮುಂದೆ ಹಾಕುತ್ತಾಳೆ. ಮುಂದೆ ಹಾಕಿದ ಮದುವೆಯ ಬಗ್ಗೆ ಜನ ಏನೇನು ಅನ್ನುತ್ತಾರೆಂದು ನಿನಗೆ ಗೊತ್ತಿಲ್ಲವೆ? ಜಯಮಾಲಾ ವಾದ ಮಾಡಿದಳು. ಸೊಲ್ಲಾಪುರದಲ್ಲಿ ತನಗೆ ಪರಿಚಯದ ವೈದ್ಯರಿದ್ದಾರೆ, ಅವರಿಗೆ ತೋರಿಸುವುದು ಒಂದು ದಿನದ ಕೆಲಸ. ಬಾಳಮ್ಮ ಮತ್ತೆ ಮೊರ ಎತ್ತಿಕೊಂಡಳು. ಅವಳು ಮೊರ ಎತ್ತಿಕೊಂಡಳೆಂದರೆ ಮಾತು ಮುಗಿಯಿತೆಂದೇ ಅರ್ಥ.

ಮಾತು ಕೈಮೀರಿದ್ದನ್ನು ಕಂಡು ಜಯಮಾಲಾ ಪಟ್ಟು ಸಡಿಲಿಸಿದಳು. ಬರದಿದ್ದರೆ ಬೇಡ, ಒಂದು ನಳಿಕೆ ರಕ್ತವನ್ನಾದರೂ ಕೊಡು, ಈ ಸಲ ಕಂಡಕ್ಟರನ ಕೈಯಲ್ಲಿ ಕೊಡುವುದಿಲ್ಲ, ನಾನೇ ಮೈಗೆ ಹಚ್ಚಿಕೊಂಡು ಒಯ್ಯುತ್ತೇನೆ. ಜೀವಂತ ಉಳಿಯಬೇಕು ಅಷ್ಟೆ. ಸಾದಾ ಪರೀಕ್ಷೆ ಸೊಲ್ಲಾಪುರದಲ್ಲಿ, ಉಳಿದದ್ದು ಪುಣೆಯಲ್ಲಿ.

ಬಾಳಮ್ಮನ ಮೊರ ನಿಂತಿತು. ಅವಳು ಮಗಳ ಮೋರೆಯನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಏನು ಕಂಡಳೋ.

"ಎಷ್ಟೊತ್ತ ಇರತಾವ ಅವು, ಹೊರಗ ತೆಗದ ಮ್ಯಾಲ?"

"ಒಂದ ದಿನ. ಛಲೋ ಇಟ್ರ ಸ್ವಲ್ಪ ಹೆಚ್ಚ."

"ಒಳಗ ಇದ್ರ?"

ಜಯಮಾಲಾಗೆ ತಕ್ಷಣ ಅರ್ಥವಾಗಲಿಲ್ಲ.

"ಜೀವಂತ ಬೇಕಂತೀ," ಎಂದಳು ಬಾಳಮ್ಮ. "ಅವನ್ನ ಅರಿವ್ಯಾಗ ಸುತ್ತಿ ಯಾಕ ಒಯ್ತಿ. ನಾನ ಬರ್ತೇನಿ. ಜವಳಿ ತರಾಕ ಅಂತ ಹೇಳು ನಿಮ್ಮಪ್ಪಗ."

ಮದುವೆಯ ಜವಳಿಗೆ ಇಂಡಿಯವರು ಸೊಲ್ಲಾಪುರಕ್ಕೆ ಹೋಗುವುದು ಇದ್ದದ್ದೇ. ಶಂಕರೆಪ್ಪ ಹಣ ಎಣಿಸಿ ಕೊಟ್ಟು, ಬೀಗರ ತಲೆಗೆ ಸುತ್ತುವ ಪಟಗ ಮರೆಯಬೇಡಿ ಎಂದ. ರೇಣುಕಾ ತಾನೂ ಬರುತ್ತೇನೆಂದಳು. ಮದುಮಗಳು ಊರಿನ ಸೀಮೆ ದಾಟಬಾರದು ಎಂದು ಬಾಳಮ್ಮ ಹೇಳಿದಳು. ಹಾಗೊಂದು ಪದ್ಧತಿ ಅವರ ಮನೆಯಲ್ಲಿ ಇದೆಯೋ, ಅವ್ವ ಆ ಗಳಿಗೆಗೆ ಹುಟ್ಟಿಸಿದಳೋ ಜಯಮಾಲಾಗೆ ತಿಳಿಯಲಿಲ್ಲ. ಹೊರಡುವ ಮುಂಚೆ ಅವಳು ತಂಗಿಯ ಹತ್ತಿರ ಹೋಗಿ, ಮಾಮಾಗೆ ಏನೂ ಆಗಿಲ್ಲ, ಕಲ್ಲಿನಂಗ ಅದಾನ ಎಂದಳು. ರೇಣುಕಾ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಅಷ್ಟು ಹೇಳಲಿಕ್ಕಾದರೂ ಜಯಮಾಲಾಗೆ ಆಯಿತು.

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಜಾಗ ಸಿಕ್ಕಿತು. ಬಾಳಮ್ಮ ಕಿಟಕಿಯ ಹತ್ತಿರ ಕುಳಿತು ಬುತ್ತಿ ಗಂಟನ್ನು ಮಡಿಲಲ್ಲಿಟ್ಟುಕೊಂಡಳು. ಹಳೇ ಪರಿಚಯದವರು ಯಾರೋ ಎದುರಿಗೆ ಬಂದು ಮದುವೆಯ ಮಾತಾಡಿ ಮುಂದಿನ ಸ್ಟೇಶನ್ನಿನಲ್ಲಿಳಿದು ಹೋದರು. ಇಬ್ಬರೇ ಉಳಿದಾಗ ಬಾಳಮ್ಮ ಕಿಟಕಿಯ ಕಡೆಗೆ ಮೋರೆ ಮಾಡಿ, ಸಂತೆಯ ಧಾರಣಿ ಕೇಳುವಷ್ಟು ಸಾವಕಾಶವಾಗಿ ಕೇಳಿದಳು.

"ನನಗೇನೂ ಇಲ್ಲ ಅಂತ ಡಾಕ್ಟರ ಅಂದ್ರ ನಿನ್ನ ಎಳಿ ಏನಾಗತೈತಿ?"

"ಸುಳ್ಳಾಗತೈತಿ."

"ಐತಿ ಅಂದ್ರ?"

ಜಯಮಾಲಾ ಉತ್ತರ ಕೊಡಲಿಲ್ಲ. ಬಾಳಮ್ಮ ಮತ್ತೆ ಕೇಳಲೂ ಇಲ್ಲ. ಹೊರಗೆ ಕಬ್ಬಿನ ಹೊಲಗಳು ಬಂದವು, ಹೋದವು. ಉತ್ತರ ಹೇಳದಿದ್ದರೂ ಅವ್ವನಿಗೆ ಅದು ಮುಟ್ಟಿದೆ ಎಂದು ಜಯಮಾಲಾಗೆ ಗೊತ್ತಾಯಿತು. ಇಲ್ಲ ಎಂದು ಹೇಳಬೇಕಿತ್ತು, ಎಳೆ ಹಾಳಾಗಿ ಹೋಗಲಿ ಎನ್ನಬೇಕಿತ್ತು. ಹಾಗೆ ಅನ್ನಲು ಬಾಯಿ ತೆರೆದಾಗ, ಅದು ಪೂರ್ತಿ ಖರೆಯೇ ಎಂದು ಒಳಗಿನಿಂದ ಯಾರೋ ಕೇಳಿದಂತಾಗಿ ಬಾಯಿ ಮುಚ್ಚಿದಳು. ಪರದೆಯ ಮೇಲೆ ಬಲಕ್ಕೆ ಸರಿದು ಕುಳಿತ ಆ ಗುಡ್ಡ ಕಣ್ಣ ಮುಂದೆ ಬಂತು. ಅದು ಎಷ್ಟು ಚೊಕ್ಕಾಗಿತ್ತು.

ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಬದಲಾಯಿತು. ಭೀಮಾ ಹೊಳೆಯ ಸೇತುವೆ ಬಂದಿತ್ತು. ಕೆಳಗೆ ಬೇಸಿಗೆಯ ಹೊಳೆ, ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ನೀರಿನ ಪಟ್ಟಿ. ಬಾಳಮ್ಮ ಪ್ರತಿ ಸಲ ಮಾಡುವಂತೆ ಚಪ್ಪಲಿ ಕಳಚಿ, ಸೆರಗು ಸರಿಮಾಡಿಕೊಂಡು, ಕಿಟಕಿಯ ಸರಳಿನ ಹತ್ತಿರ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು. ತುಟಿಗಳು ಅಲುಗುತ್ತಿದ್ದವು. ಚಿಕ್ಕವರಿದ್ದಾಗ, ಏನು ಬೇಡಿಕೊಂಡಿ ಎಂದು ಕೇಳಿದರೆ ಅವ್ವ ಹೇಳುತ್ತಿರಲಿಲ್ಲ. ಈಗ ಕೇಳದೆಯೇ, ಕಣ್ಣು ತೆರೆಯದೆಯೇ, ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

"ನಾಕ ವರ್ಸ ದುಡದೈತಿ ಕೂಸು."

ಅವ್ವ ಬೇಡಿಕೊಳ್ಳುತ್ತಿದ್ದುದು ಎಳೆ ಖರೆಯಾಗಲಿ ಎಂದು ಎಂಬುದು ತಿಳಿಯಲು ಜಯಮಾಲಾಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಮುಂದೆ ಬಾಗಿ ಅವ್ವನ ಜೋಡಿಸಿದ ಕೈಗಳನ್ನು ಹಿಡಿದಳು. ಅಂಗೈಗಳು ಒಂದಕ್ಕೊಂದು ಬಿಗಿಯಾಗಿ ಅಂಟಿದ್ದವು. ರೈಲು ಇನ್ನೂ ಸೇತುವೆಯ ಮೇಲಿತ್ತು. ಆಚೆ ಬದಿಯ ಸೀಟಿನವರು ನೋಡುತ್ತಿದ್ದರೂ ಬಿಡದೆ, ಅದು ಮುಗಿಯುವ ಮೊದಲೇ, ಅವಳು ಬಲ ಹಾಕಿ ಆ ಎರಡು ಕೈಗಳನ್ನು ಬಿಡಿಸತೊಡಗಿದಳು.